ತಾಯಿಯಂತೆ ಮಗಳು: ಕೋಳಿಯ ತಳಿಮೌಲ್ಯದ ಲೆಕ್ಕ

ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಮಾಂಸದ ಕೋಳಿಯ ವಿಷಯವಾಗಿ ಮಾತನಾಡಲು ಹೊರಟರೆ ಶ್ರೋತೃಗಳು ನಸುನಗಬಹುದು. ಆದರೆ ನಾನು ಹೊರಟಿರುವುದು ನಮ್ಮದೇ ಒಂದು ಗಾದೆಯಿಂದ. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎನ್ನುತ್ತೇವೆ. ಸಂಬಂಧ ಬೆಳೆಸಹೋದ ಹಿರಿಯರಿಂದ ಮೊದಲ್ಗೊಂಡು ಜಾತ್ರೆಯಲ್ಲಿ ಹಸು ಕೊಳ್ಳಹೋದ ರೈತನವರೆಗೆ ಎಲ್ಲರೂ ಈ ಮಾತನ್ನು ನಂಬಿ ನಡೆದವರೇ. ಮಾತು ನಿಜವೇ? ನಿಜವಾದರೆ ಎಷ್ಟು ಪಾಲು ನಿಜ? ಈ ‘ಎಷ್ಟು’ ಎಂಬುದಕ್ಕೆ ಅಂಕಿಯಲ್ಲಿ ಉತ್ತರ ಹೇಳುವ ವಿದ್ಯೆ ಮನುಷ್ಯನಿಗೆ ಕೈವಶವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಒಂದು ಪ್ರಾಣಿ ತನ್ನ ಸಂತಾನಕ್ಕೆ ದಾಟಿಸಬಲ್ಲ ಗುಣದ ಅಳತೆಗೆ ತಳಿಮೌಲ್ಯವೆಂದು ಹೆಸರು. ಆ ಅಳತೆಯನ್ನು ಬಲು ಕಟ್ಟುನಿಟ್ಟಾಗಿ ಪ್ರಯೋಗಿಸಿದ ಜೀವಿಗಳಲ್ಲಿ ಮಾಂಸಕ್ಕಾಗಿ ಸಾಕುವ ಕೋಳಿ ಒಂದು. ಆ ಲೆಕ್ಕ ಹೇಗೆ ಬೆಳೆಯಿತು, ಲೆಕ್ಕದಿಂದ ಹೊರಗುಳಿದದ್ದೇನು, ಹೊರಗುಳಿದದ್ದರ ಭಾರವನ್ನು ಹೊತ್ತವರಾರು ಎಂಬುದೇ ಈ ಹೊತ್ತಿನ ನನ್ನ ವಿಷಯ.

ಮೊದಲು ಕೋಳಿಯ ವಂಶವನ್ನು ನೋಡೋಣ. ಸಾಕುಕೋಳಿಯ ಮೂಲ ಏಷ್ಯದ ಕೆಂಪು ಕಾಡುಕೋಳಿಯೆಂದು ಚಾರ್ಲ್ಸ್ ಡಾರ್ವಿನ್ 1868ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಾದಿಸಿದನು. ಆ ವಾದ ಬಹುಮಟ್ಟಿಗೆ ನಿಂತಿತು. 2008ರಲ್ಲಿ ಅದಕ್ಕೊಂದು ತಿದ್ದುಪಡಿ ಬಂದಿತು: ಅನೇಕ ಸಾಕುಕೋಳಿಗಳ ಹಳದಿ ಚರ್ಮಕ್ಕೆ ಕಾರಣವಾದ ಜೀನು ಬೂದು ಕಾಡುಕೋಳಿಯಿಂದ ಬಂದದ್ದೆಂದು ಸಂಶೋಧಕರು ತೋರಿಸಿಕೊಟ್ಟರು. ಬೂದು ಕಾಡುಕೋಳಿ ನಮ್ಮ ಸಹ್ಯಾದ್ರಿಯ ಹಕ್ಕಿ. ಮಲೆನಾಡಿಗರಿಗೆ ಅದರ ಕೂಗು ಪರಿಚಿತ. ಇನ್ನೊಂದು ನಂಟೂ ಉಂಟು. ಭಾರತದಿಂದ ಹೋದ ಅಸೀಲ್ ಎಂಬ ಕಾಳಗದ ಕೋಳಿಯ ರಕ್ತವನ್ನು ಸೇರಿಸಿ, ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದವರು ಹತ್ತೊಂಬತ್ತನೆಯ ಶತಮಾನದಲ್ಲಿ ಅಗಲವಾದ ಎದೆಯ ಒಂದು ತಳಿಯನ್ನು ಬೆಳೆಸಿದರು. ಕಾದುವುದರಲ್ಲಿ ಅದು ಹೆಸರು ಮಾಡಲಿಲ್ಲ. ಎದೆಯ ಮಾಂಸದಿಂದ ಮಾಡಿತು. ಅಮೆರಿಕದಲ್ಲಿ ಕಾರ್ನಿಷ್ ಎನಿಸಿಕೊಂಡ ಆ ತಳಿಗೆ ಇಂಗ್ಲೆಂಡಿನಲ್ಲಿ ಇಂದಿಗೂ ಇಂಡಿಯನ್ ಗೇಮ್ ಎಂದೇ ಹೆಸರು. ಈ ಹೆಸರನ್ನು ಮುಂದೆ ಮತ್ತೊಮ್ಮೆ ನೆನೆಯಬೇಕಾಗುತ್ತದೆ.

ರೂಪವನ್ನು ನೋಡಿ ಗುಣವನ್ನು ನಿರ್ಣಯಿಸುವುದು ಎಲ್ಲ ದೇಶಗಳ ಹಳೆಯ ಪದ್ಧತಿ. ನಮ್ಮ ರೈತ ಸುಳಿ ನೋಡಿ ಎತ್ತು ಕೊಂಡಂತೆ ಅಲ್ಲಿಯವರು ಕೊಂಬನ್ನೂ ಉಣ್ಣೆಯನ್ನೂ ನೋಡಿ ಕೊಳ್ಳುತ್ತಿದ್ದರು. ಈ ಪದ್ಧತಿಯನ್ನು ಅಲುಗಾಡಿಸಿದವರಲ್ಲಿ ಪ್ರಮುಖನು ಇಂಗ್ಲೆಂಡಿನ ಡಿಶ್ಲಿ ಎಂಬ ಊರಿನ ರಾಬರ್ಟ್ ಬೇಕ್‌ವೆಲ್ (1725–1795). ಅವನು ತನ್ನ ಟಗರುಗಳನ್ನು ಮಾರದೆ ನೆರೆಹೊರೆಯ ರೈತರಿಗೆ ಬಾಡಿಗೆಗೆ ಕೊಡುತ್ತಿದ್ದನು. ಬಾಡಿಗೆಯ ಹಣ ಬಂದದ್ದಲ್ಲದೆ, ಯಾವ ಟಗರಿನ ಮರಿಗಳು ಯಾವ ಮಂದೆಯಲ್ಲಿ ಹೇಗೆ ಬೆಳೆದವೆಂಬ ತಿಳಿವಳಿಕೆಯೂ ಅವನ ಕೈ ಸೇರುತ್ತಿತ್ತು. ತಂದೆಯ ಯೋಗ್ಯತೆಯನ್ನು ಮಕ್ಕಳಿಂದ ಅಳೆಯುವ ಕ್ರಮವಿದು. ಇದಕ್ಕೆ ಮುಂದೆ ಸಂತಾನ ಪರೀಕ್ಷೆಯೆಂದು ಹೆಸರಾಯಿತು.

ಕುರಿಯಲ್ಲಿ ನಡೆದ ಈ ಪಾಠ ಕೋಳಿಯವರನ್ನು ಮುಟ್ಟಲು ಬಹುಕಾಲ ಹಿಡಿಯಿತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡ್ ಅಮೆರಿಕಗಳೆರಡರಲ್ಲಿಯೂ ಕೋಳಿಯ ಪ್ರದರ್ಶನಗಳ ಹುಚ್ಚು ಹಬ್ಬಿತು. ಬಹುಮಾನ ಸಿಕ್ಕುತ್ತಿದ್ದುದು ಜುಟ್ಟಿನ ಆಕಾರಕ್ಕೆ, ಗರಿಯ ಬಣ್ಣಕ್ಕೆ. ಕೋಳಿ ಎಷ್ಟು ಮೊಟ್ಟೆಯಿಡುತ್ತದೆ, ಎಷ್ಟು ತೂಗುತ್ತದೆ ಎಂದು ಯಾರೂ ಅಷ್ಟಾಗಿ ಕೇಳಲಿಲ್ಲ. ಕೇಳಿದವರು ಅಮೆರಿಕದ ಮೇನ್ ಸಂಸ್ಥಾನದ ಕೃಷಿ ಪ್ರಯೋಗ ಕೇಂದ್ರದವರು. 1898ರಲ್ಲಿ ಅಲ್ಲಿ ಒಂದು ಪ್ರಯೋಗ ಆರಂಭವಾಯಿತು. ಮೊಟ್ಟೆಯಿಡಲು ಒಳಹೊಕ್ಕ ಹೇಂಟೆಯ ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂಥ ಗೂಡುಗಳನ್ನಿಟ್ಟು, ಯಾವ ಹೇಂಟೆ ಎಷ್ಟು ಮೊಟ್ಟೆಯಿಟ್ಟಿತೆಂದು ಬರೆದುಕೊಂಡರು. ಹೆಚ್ಚು ಮೊಟ್ಟೆಯಿಟ್ಟವುಗಳನ್ನೇ ತಾಯಂದಿರನ್ನಾಗಿ ಆರಿಸಿದರು. ವರ್ಷಗಟ್ಟಲೆ ಹೀಗೆ ನಡೆಸಿದರೂ ಹಿಂಡಿನ ಸರಾಸರಿ ಏರಲಿಲ್ಲ. ತರುವಾಯ ಅಲ್ಲಿಗೆ ಬಂದ ರೇಮಂಡ್ ಪರ್ಲ್ ಎಂಬ ವಿಜ್ಞಾನಿ ಈ ದಾಖಲೆಗಳನ್ನು ಶೋಧಿಸಿ, ಹೇಂಟೆಯ ಸ್ವಂತ ಮೊಟ್ಟೆಗಳ ಎಣಿಕೆಯೊಂದರಿಂದಲೇ ಅದರ ಹೆಣ್ಣುಮಕ್ಕಳ ಯೋಗ್ಯತೆಯನ್ನು ಹೇಳಲಾಗದೆಂದು ಸಾರಿದರು. ನಮ್ಮ ಗಾದೆಗೆ ಬಿದ್ದ ಮೊದಲ ಪೆಟ್ಟು ಇದು.

ಪೆಟ್ಟು ಏಕೆ ಬಿದ್ದಿತು? ಹೇಂಟೆ ಹೆಚ್ಚು ಮೊಟ್ಟೆಯಿಡುವುದಕ್ಕೆ ವಂಶ ಒಂದು ಕಾರಣ. ಒಳ್ಳೆಯ ಮೇವು, ಬೆಚ್ಚನೆಯ ಗೂಡು, ರೋಗ ತಗಲದ ಅದೃಷ್ಟ ಇವೂ ಕಾರಣಗಳೇ. ಮಗಳಿಗೆ ದಾಟುವುದು ವಂಶ ಮಾತ್ರ, ಅದೃಷ್ಟ ದಾಟುವುದಿಲ್ಲ. ಎರಡನ್ನೂ ಬೇರ್ಪಡಿಸುವ ಗಣಿತ ಬೇಕಾಗಿತ್ತು. ಮೆಂಡಲನ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆಂದು ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿದ್ದು ಕೋಳಿಯ ಜುಟ್ಟಿನಲ್ಲಿಯೇ. ಆದರೆ ಜುಟ್ಟಿನ ಆಕಾರವನ್ನು ನಿರ್ಧರಿಸುವುದು ಒಂದೆರಡು ಜೀನುಗಳು. ತೂಕವನ್ನು ನಿರ್ಧರಿಸುವುದು ನೂರಾರು. ಒಂದೊಂದರ ಪ್ರಭಾವ ಅಲ್ಪವಾದ ಇಂಥ ಅಸಂಖ್ಯ ಜೀನುಗಳು ಕೂಡಿದರೆ ಬಂಧುಗಳ ನಡುವೆ ಎಷ್ಟು ಹೋಲಿಕೆ ಕಾಣಬೇಕೆಂಬ ಲೆಕ್ಕವನ್ನು ಆರ್. ಎ. ಫಿಶರ್ 1918ರ ಪ್ರಬಂಧದಲ್ಲಿ ಕಟ್ಟಿಕೊಟ್ಟರು. ಅಮೆರಿಕದಲ್ಲಿ ಸ್ಯೂಯಲ್ ರೈಟ್ ಅದೇ ಸಮಸ್ಯೆಯನ್ನು ಬೇರೊಂದು ದಾರಿಯಿಂದ ಬಿಡಿಸಿದರು. ಅಯೋವ ಸಂಸ್ಥಾನದ ಏಮ್ಸ್ ಪಟ್ಟಣದ ಕಾಲೇಜಿನಲ್ಲಿದ್ದ ಜೇ ಲಶ್ ಅವರು ಈ ಗಣಿತವನ್ನು ಕೊಟ್ಟಿಗೆಯವರೆಗೆ ತಂದರು. 1937ರಲ್ಲಿ ಪಶುತಳಿಯ ಯೋಜನೆಗಳನ್ನು ಕುರಿತ ಪಠ್ಯಗ್ರಂಥವನ್ನು ಪ್ರಕಟಿಸಿದರು.

ಆ ಗಣಿತವನ್ನು ನಮ್ಮ ಅಂಗಳದ ಲೆಕ್ಕವಾಗಿ ಹೇಳುತ್ತೇನೆ. ಒಂದೇ ವಯಸ್ಸಿನ ಹೇಂಟೆಗಳ ಹಿಂಡಿನ ಸರಾಸರಿ ತೂಕ 2,000 ಗ್ರಾಂ ಎಂದಿಟ್ಟುಕೊಳ್ಳಿ. ಅದರಲ್ಲಿ ಒಂದು ಹೇಂಟೆ 2,400 ಗ್ರಾಂ ತೂಗುತ್ತದೆ. ಅಂದರೆ 400 ಗ್ರಾಂ ಹೆಚ್ಚು. ತೂಕದ ಏರಿಳಿತದಲ್ಲಿ ವಂಶದ ಪಾಲು ಹತ್ತರಲ್ಲಿ ಮೂರು ಎಂದು ಭಾವಿಸಿದರೆ, ಆ 400 ಗ್ರಾಮಿನಲ್ಲಿ 120 ಗ್ರಾಂ ಮಾತ್ರ ವಂಶದ್ದೆಂದು ಅಂದಾಜು ಮಾಡಬೇಕು. ಇದೇ ಆ ಹೇಂಟೆಯ ತಳಿಮೌಲ್ಯ. ಮರಿಗೆ ತಾಯಿಯಿಂದ ಬರುವುದು ಅರ್ಧ. ಹುಂಜ ಸಾಧಾರಣವಾದದ್ದಾದರೆ ಮರಿಗಳಲ್ಲಿ ಸರಾಸರಿ 60 ಗ್ರಾಂ ಏರಿಕೆಯನ್ನು ನಿರೀಕ್ಷಿಸಬಹುದು. ತಾಯಿಯಂತೆ ಮಗಳು ಎಂಬುದು ಸುಳ್ಳಲ್ಲ. 400ರಲ್ಲಿ 60ರಷ್ಟು ನಿಜ.

ಒಂದು ಹೇಂಟೆಯನ್ನೇ ನೋಡಿ ಮಾಡಿದ ಅಂದಾಜು ದುರ್ಬಲವಾದದ್ದು. ಅದರ ಅಕ್ಕತಂಗಿಯರೂ ಅಣ್ಣತಮ್ಮಂದಿರೂ ತೂಕದಲ್ಲಿ ಮುಂದಿದ್ದರೆ ಅಂದಾಜಿಗೆ ಬಲ ಬರುತ್ತದೆ. ಅವರೆಲ್ಲ ಹಿಂದಿದ್ದರೆ ಈ ಹೇಂಟೆಯ ಹಿರಿಮೆ ಅದೃಷ್ಟದ್ದೆಂಬ ಸಂಶಯ ಹೆಚ್ಚುತ್ತದೆ. ಕೋಳಿಯ ವಿಷಯದಲ್ಲಂತೂ ಬಂಧುಗಳ ಸಾಕ್ಷ್ಯ ಅನಿವಾರ್ಯ. ಹುಂಜ ಮೊಟ್ಟೆಯಿಡುವುದಿಲ್ಲ, ಅದು ಮಗಳಿಗೆ ಕೊಡುವ ಮೊಟ್ಟೆಯ ಗುಣವನ್ನು ಅದರ ಅಕ್ಕತಂಗಿಯರಿಂದಲೇ ತಿಳಿಯಬೇಕು. ಎದೆಯ ಮಾಂಸವನ್ನು ಕೊಯ್ದು ತೂಗಿದ ಕೋಳಿಯಿಂದ ಸಂತಾನ ಪಡೆಯಲಾಗದು. ಆದುದರಿಂದ ಒಡಹುಟ್ಟಿದ್ದನ್ನು ಕೊಯ್ದು, ಉಳಿದದ್ದನ್ನು ತಳಿಗೆ ಬಿಡುತ್ತಿದ್ದರು. ಇನ್ನೊಂದು ಸೂಕ್ಷ್ಮವೂ ಇದೆ. ದೊಡ್ಡ ಮೊಟ್ಟೆಯಿಂದ ಹೊರಬಂದ ಮರಿ ಮೊದಲ ದಿನಗಳಲ್ಲಿ ತುಸು ಹೆಚ್ಚು ತೂಗುತ್ತದೆ. ಅದು ತಾಯಿ ಕೊಟ್ಟ ಮೊಟ್ಟೆಯ ಫಲವೇ ಹೊರತು ತಾಯಿ ಕೊಟ್ಟ ಜೀನಿನ ಫಲವಲ್ಲ. ಇವೆರಡನ್ನೂ ಲೆಕ್ಕದಲ್ಲಿ ಬೇರೆ ಬೇರೆ ಇಡಬೇಕು.

ವಿದ್ಯೆ ಸಿದ್ಧವಾಗುತ್ತಿದ್ದಾಗಲೇ ಪೇಟೆಯೂ ಸಿದ್ಧವಾಯಿತು. ಅಮೆರಿಕದಲ್ಲಿಯೂ ಆವರೆಗೆ ಕೋಳಿಮಾಂಸವೆಂದರೆ ಬಹುತೇಕ ಮೊಟ್ಟೆಯ ಕಸುಬಿನ ಉಪೋತ್ಪನ್ನ: ಮುದಿ ಹೇಂಟೆ, ಬೇಡವಾದ ಹುಂಜ. 1923ರಲ್ಲಿ ಡೆಲವೇರ್ ಸಂಸ್ಥಾನದ ಸಿಸಿಲ್ ಸ್ಟೀಲ್ ಎಂಬ ರೈತ ಮಹಿಳೆ 50 ಮರಿ ಬೇಕೆಂದು ಬರೆದರೆ ತಪ್ಪಿನಿಂದ 500 ಮರಿ ಬಂದವು. ಆಕೆ ಅವನ್ನು ಹಿಂದಿರುಗಿಸದೆ ಸಾಕಿ ಎಳೆಯ ಕೋಳಿಗಳಾಗಿ ಮಾರಿದರು, ಲಾಭ ಕಂಡಿತು, ನೆರೆಯವರೂ ಅದೇ ದಾರಿ ಹಿಡಿದರು. ಬ್ರಾಯ್ಲರ್ ಕಸುಬಿನ ಆರಂಭವನ್ನು ಸಾಮಾನ್ಯವಾಗಿ ಈ ಘಟನೆಯಿಂದ ಎಣಿಸುತ್ತಾರೆ. 1946ರಿಂದ 1948ರವರೆಗೆ ‘ನಾಳೆಯ ಕೋಳಿ’ ಎಂಬ ಹೆಸರಿನ ರಾಷ್ಟ್ರೀಯ ಸ್ಪರ್ಧೆ ನಡೆಯಿತು. ಹಣ ಕೊಟ್ಟದ್ದು ಎ ಅಂಡ್ ಪಿ ಎಂಬ ದಿನಸಿ ಅಂಗಡಿಗಳ ಸಂಸ್ಥೆ. ಅಗಲ ಎದೆಯ ಆದರ್ಶ ಕೋಳಿಯ ಮೇಣದ ಪ್ರತಿಮೆಯನ್ನು ಮಾಡಿಸಿ, ಇಂಥದು ಬೇಕೆಂದರು. ಕೊನೆಯ ಸುತ್ತಿಗೆ ಬಂದವರು ಕೋಳಿಗಳನ್ನಲ್ಲ, ಮೊಟ್ಟೆಗಳನ್ನು ಕಳುಹಿಸಬೇಕಾಗಿತ್ತು. ಎಲ್ಲರ ಮೊಟ್ಟೆಗಳನ್ನೂ ಒಂದೇ ಕಡೆ ಮರಿ ಮಾಡಿಸಿ, ಒಂದೇ ಮೇವು ಹಾಕಿ, ಸುಮಾರು 12 ವಾರ ಸಾಕಿ ತೂಗಿದರು. ಮೇವಿನ ಭೇದವನ್ನೂ ಮನೆಯ ಭೇದವನ್ನೂ ಅಳಿಸಿ ವಂಶವೊಂದನ್ನೇ ಸ್ಪರ್ಧೆಗಿಟ್ಟ ಜಾಣ್ಮೆ ಇದು. ಗೆದ್ದದ್ದು ಕ್ಯಾಲಿಫೋರ್ನಿಯದ ವ್ಯಾನ್‌ಟ್ರೆಸ್ ಅವರ ಮಿಶ್ರತಳಿ. ಅದರ ಒಂದು ಕಡೆ ನ್ಯೂ ಹ್ಯಾಂಪ್‌ಷೈರ್, ಇನ್ನೊಂದು ಕಡೆ ನಾನು ಆಗಲೇ ಹೇಳಿದ ಕಾರ್ನಿಷ್. ಅಸೀಲಿನ ಎದೆ ಹೀಗೆ ಜಗತ್ತಿನ ಊಟದ ಮೇಜಿಗೆ ಬಂದಿತು.

ಮಾರುವವನಿಗೆ ತೂಕವೊಂದೇ ಸಾಲದು. ಕಡಿಮೆ ಮೇವಿನಲ್ಲಿ ಬೆಳೆಯಬೇಕು. ತಾಯಿ ಸಾಕಷ್ಟು ಮೊಟ್ಟೆಯಿಡಬೇಕು. ಮೊಟ್ಟೆ ಫಲಿತವಾಗಿ ಮರಿಯಾಗಬೇಕು. ಒಂದರಲ್ಲಿ ಮೇಲಾದ ಕೋಳಿ ಇನ್ನೊಂದರಲ್ಲಿ ಕೀಳಾದರೆ ಯಾವುದನ್ನು ಆರಿಸುವುದು? ಲಶ್ ಅವರ ಬಳಗದ ಎಲ್. ಎನ್. ಹೇಜಲ್ 1943ರಲ್ಲಿ ಉತ್ತರ ಕೊಟ್ಟರು. ಒಂದೊಂದು ಗುಣಕ್ಕೂ ಅದರ ಹಣದ ಬೆಲೆಗೆ ತಕ್ಕ ತೂಕವನ್ನು ಕೊಟ್ಟು, ಗುಣಗಳ ನಡುವಣ ಆನುವಂಶಿಕ ಸಂಬಂಧಗಳನ್ನೂ ಸೇರಿಸಿ, ಎಲ್ಲವನ್ನೂ ಒಂದೇ ಅಂಕಿಗೆ ಇಳಿಸುವ ಸೂಚ್ಯಂಕ ಅದು. ಉಳಿದ ತೊಡಕನ್ನು ಕಾರ್ನೆಲ್ ವಿಶ್ವವಿದ್ಯಾನಿಲಯದ ಸಿ. ಆರ್. ಹೆಂಡರ್ಸನ್ ಬಿಡಿಸಿದರು. ಬೇರೆ ಬೇರೆ ವರ್ಷ, ಬೇರೆ ಬೇರೆ ಕೊಟ್ಟಿಗೆಗಳಲ್ಲಿ ಬೆಳೆದವನ್ನು ಹೋಲಿಸುವುದು ಹೇಗೆ ಎಂಬುದು ಆ ತೊಡಕು. ವಂಶಾವಳಿಯ ಎಲ್ಲ ನಂಟುಗಳನ್ನೂ ಪರಿಸರದ ಭೇದಗಳನ್ನೂ ಒಂದೇ ಸಮೀಕರಣ ಸಮೂಹದಲ್ಲಿರಿಸಿ ಏಕಕಾಲಕ್ಕೆ ಬಿಡಿಸುವ ಅವರ ವಿಧಾನ 1949ರ ಸುಮಾರಿಗೆ ಮೊಳೆತು, ಹಸುಗಳ ಮೇಲೆ ಬೆಳೆಯಿತು. ಸಾವಿರಾರು ಪ್ರಾಣಿಗಳ ನಂಟಿನ ಕೋಷ್ಟಕವನ್ನು ಸುಲಭವಾಗಿ ವಿಲೋಮಗೊಳಿಸುವ ಉಪಾಯವನ್ನು ಅವರು 1976ರಲ್ಲಿ ಪ್ರಕಟಿಸಿದರು. ಗಣಕಯಂತ್ರಗಳು ಅಗ್ಗವಾದಂತೆ ಆ ವಿಧಾನ ಕೋಳಿಯ ತಳಿಶಾಲೆಗಳನ್ನೂ ಹೊಕ್ಕಿತು. 2001ರ ಬಳಿಕ ಜೀನುಗಳ ಗುರುತುಗಳಿಂದಲೇ ತಳಿಮೌಲ್ಯವನ್ನು ಅಂದಾಜು ಮಾಡುವ ಕ್ರಮ ಅದರೊಡನೆ ಸೇರಿತು. ಕೋಳಿಯ ಪೂರ್ಣ ಜೀನುಸಂಪತ್ತಿನ ಕರಡು 2004ರಲ್ಲಿ ಪ್ರಕಟವಾಯಿತು. ಅದಕ್ಕಾಗಿ ಓದಿದ್ದು ಒಂದು ಕೆಂಪು ಕಾಡುಕೋಳಿಯ ಜೀನುಗಳನ್ನು.

ಫಲವೇನಾಯಿತು? ಕೆನಡದ ಆಲ್ಬರ್ಟ ವಿಶ್ವವಿದ್ಯಾನಿಲಯದವರು 1957ರ ಮತ್ತು 1978ರ ತಳಿಗಳನ್ನು ಆಯ್ಕೆಯಿಲ್ಲದೆ ಹಾಗೆಯೇ ಉಳಿಸಿಕೊಂಡಿದ್ದರು. ಅವನ್ನು 2005ರ ಮಾರುಕಟ್ಟೆಯ ತಳಿಯೊಡನೆ ಒಂದೇ ಮೇವಿನಲ್ಲಿ ಬೆಳೆಸಿ, 2014ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 56 ದಿನದ ತೂಕ ಮೊದಲನೆಯದಕ್ಕೆ 905 ಗ್ರಾಂ, ಎರಡನೆಯದಕ್ಕೆ 1,808 ಗ್ರಾಂ, ಮೂರನೆಯದಕ್ಕೆ 4,202 ಗ್ರಾಂ. ಮೇವು ಒಂದೇ ಆದುದರಿಂದ ಈ ವ್ಯತ್ಯಾಸವೆಲ್ಲ ತಳಿಯದು. ಹಬ್ಬಕ್ಕೊಮ್ಮೆ ಕೋಳಿ ಕಾಣುತ್ತಿದ್ದ ಬಡವನ ಮನೆಗೆ ಅದು ವಾರದ ಸಾರಾಗಿ ಬಂದುದರಲ್ಲಿ ಈ ಅಂಕಿಗಳ ಪಾಲು ದೊಡ್ಡದು. ಇದನ್ನು ಹಗುರವಾಗಿ ಕಾಣುವುದು ತರವಲ್ಲ.

ಆದರೆ ಈ ಕೋಳಿಗೂ ಒಬ್ಬ ತಾಯಿ ಇರಬೇಕಷ್ಟೆ. ಬ್ರಾಯ್ಲರ್ ಮರಿ ಏಳೆಂಟು ವಾರದೊಳಗೆ ಕಟುಕನ ಕೈ ಸೇರುತ್ತದೆ. ಅದರ ತಾಯಿ ಒಂದು ವರ್ಷಕ್ಕೂ ಹೆಚ್ಚು ಬದುಕಿ ಮೊಟ್ಟೆಯಿಡಬೇಕು. ಹೊಟ್ಟೆತುಂಬ ತಿಂದು ಬೇಗ ಬೆಳೆಯುವ ಗುಣ ಅದರ ಮೈಯಲ್ಲಿಯೂ ಇದೆ, ಏಕೆಂದರೆ ಅದನ್ನು ಮರಿಗೆ ಕೊಡಬೇಕಾದವಳೇ ಆಕೆ. ಬೇಕಾದಷ್ಟು ತಿನ್ನಲು ಬಿಟ್ಟರೆ ಕೊಬ್ಬುತ್ತದೆ, ಅಂಡಾಶಯ ಕ್ರಮ ತಪ್ಪಿ, ಎರಡು ಹಳದಿಯ ಮೊಟ್ಟೆ, ಚಿಪ್ಪು ಕೆಟ್ಟ ಮೊಟ್ಟೆಗಳು ಹೆಚ್ಚುತ್ತವೆ, ಸಾವೂ ಹೆಚ್ಚುತ್ತದೆ. ತೂಕಕ್ಕೂ ಮೊಟ್ಟೆಗೂ ಇರುವ ಆನುವಂಶಿಕ ಸಂಬಂಧ ಪ್ರತಿಕೂಲವಾದದ್ದು. ಆದುದರಿಂದ ಬೆಳೆಯುವ ವಯಸ್ಸಿನಲ್ಲಿ ಈ ತಾಯಿಕೋಳಿಗೆ, ಅದು ಮನಸಾರೆ ತಿನ್ನುವುದರ ಅರ್ಧವನ್ನೋ ಅದಕ್ಕೂ ಕಡಿಮೆಯನ್ನೋ ಅಳೆದು ಹಾಕುತ್ತಾರೆ. ಮೇವು ಮುಗಿದ ಮೇಲೂ ಬರಿಯ ತೊಟ್ಟಿಯನ್ನು ಕುಕ್ಕುತ್ತಿರುವುದು, ಮತ್ತೆ ಮತ್ತೆ ನೀರಿನ ಬಳಿಗೆ ಹೋಗುವುದು ಅದರ ಹಸಿವಿನ ಗುರುತುಗಳೆಂದು ಸಂಶೋಧಕರು ಬರೆದಿದ್ದಾರೆ. ಮಗಳ ಹೊಟ್ಟೆ ತುಂಬಲೆಂದು ತಾಯಿ ಹಸಿದಿರುವುದು ಮನುಷ್ಯರಲ್ಲಿ ತ್ಯಾಗವೆನಿಸೀತು. ಇಲ್ಲಿ ಅದು ಲೆಕ್ಕದ ಒಂದು ಶೇಷ.

ಈ ಹಸಿವು ಎಲ್ಲಿಂದ ಬಂದಿತೆಂಬುದಕ್ಕೆ ವರ್ಜೀನಿಯದ ಪಾಲ್ ಸೀಗಲ್ ಅವರ ಪ್ರಯೋಗವೇ ಸಾಕ್ಷಿ. 1957ರಲ್ಲಿ ಅವರು ಒಂದೇ ಮೂಲದ ಬಿಳಿಯ ಪ್ಲಿಮತ್ ರಾಕ್ ಕೋಳಿಗಳಿಂದ ಎರಡು ಕವಲುಗಳನ್ನು ತೆಗೆದರು. ಒಂದರಲ್ಲಿ ಎಂಟು ವಾರಕ್ಕೆ ಹೆಚ್ಚು ತೂಗುವವನ್ನು, ಇನ್ನೊಂದರಲ್ಲಿ ಕಡಿಮೆ ತೂಗುವವನ್ನು ತಲೆಮಾರು ತಲೆಮಾರಿಗೂ ಆರಿಸುತ್ತ ಬಂದರು. ನಲವತ್ತು ತಲೆಮಾರುಗಳು ದಾಟುವಷ್ಟರಲ್ಲಿ ಎರಡಕ್ಕೂ ಸುಮಾರು ಒಂಬತ್ತರಷ್ಟು ಅಂತರವಾಯಿತು. ಹೆಚ್ಚು ತೂಕದವು ಮೇವಿಗೆ ಮಿತಿಯಿಡದಿದ್ದರೆ ತಿಂದು ಕೆಡುವಂಥವಾದವು. ಕಡಿಮೆ ತೂಕದವುಗಳಲ್ಲಿ ಕೆಲವು ಮೇವನ್ನೇ ಮುಟ್ಟದೆ ಸೊರಗುವಂಥವಾದವು. ಸೀಗಲ್ ಅವರು ಆರಿಸಿದ್ದು ತೂಕವನ್ನು. ಆದರೆ ಬದಲಾದದ್ದು ಹಸಿವು ಕೂಡ.

ಇಲ್ಲಿ ನನಗೆ ಜನ್ನನ ‘ಯಶೋಧರ ಚರಿತೆ’ ನೆನಪಾಗುತ್ತದೆ. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ ಯಶೋಧರನು ಬಲಿ ಕೊಡುವುದು ಜೀವವಿರುವ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಆ ಕರ್ಮ ಅವನನ್ನೂ ಅವನ ತಾಯಿಯನ್ನೂ ಜನ್ಮಜನ್ಮಾಂತರ ಬೆನ್ನಟ್ಟುತ್ತದೆ. ಕೈಯ ಹಿಂಸೆಗಿಂತ ಮೊದಲು ಮನಸ್ಸಿನ ಸಂಕಲ್ಪವನ್ನು ಎಣಿಸಬೇಕೆಂಬುದು ಅಲ್ಲಿಯ ಧರ್ಮವಿಚಾರ. ತರಗತಿಯಲ್ಲಿ ಇದನ್ನು ಹೇಳುವಾಗಲೆಲ್ಲ, ಬರಿಯ ಸಂಕಲ್ಪಕ್ಕೆ ಇಷ್ಟು ದೊಡ್ಡ ಫಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದರು. ತಳಿಮೌಲ್ಯದ ಚರಿತ್ರೆಯನ್ನು ಓದಿದ ಮೇಲೆ ಆ ಪ್ರಶ್ನೆಗೆ ನನ್ನಲ್ಲಿ ಇನ್ನೊಂದು ಉತ್ತರವುಂಟು. ಹೇಜಲರ ಸೂಚ್ಯಂಕದಲ್ಲಿ ಒಂದು ಗುಣಕ್ಕೆ ನಾವು ಕೊಡುವ ತೂಕವೂ ಸಂಕಲ್ಪವೇ. ಕಾಗದದ ಮೇಲಿನ ಆ ಅಂಕಿಗೆ ರಕ್ತವಿಲ್ಲ, ಪ್ರಾಣವಿಲ್ಲ. ಆದರೆ ಹತ್ತು ತಲೆಮಾರು ಕಳೆಯುವಷ್ಟರಲ್ಲಿ ಅದು ಕೋಳಿಯ ಮೂಳೆಯಾಗಿ, ಹೃದಯವಾಗಿ, ಹಸಿವಾಗಿ ಜನ್ಮ ತಾಳುತ್ತದೆ. ಸೊನ್ನೆ ಕೊಟ್ಟ ಗುಣವೂ ಸುಮ್ಮನಿರುವುದಿಲ್ಲ; ತೂಕ ಪಡೆದ ಗುಣದ ಬಾಲ ಹಿಡಿದು ಮೇಲಕ್ಕೋ ಕೆಳಕ್ಕೋ ಸಾಗುತ್ತದೆ.

ಲೆಕ್ಕವನ್ನು ದೂರುವುದು ನನ್ನ ಉದ್ದೇಶವಲ್ಲ. ಕೆಟ್ಟದ್ದನ್ನು ಕಂಡುಹಿಡಿದು ಒಂದಷ್ಟು ಸರಿಪಡಿಸಿದ್ದೂ ಇದೇ ಲೆಕ್ಕ. ದೇಹ ಬೆಳೆದಷ್ಟು ಬೇಗ ಕಾಲಿನ ಮೂಳೆಯಾಗಲಿ ಹೃದಯವಾಗಲಿ ಬೆಳೆಯದೆ, ಕುಂಟುವ ಕೋಳಿಗಳೂ ಹೊಟ್ಟೆಯಲ್ಲಿ ನೀರು ತುಂಬಿ ಸಾಯುವ ಕೋಳಿಗಳೂ ಹೆಚ್ಚಿದಾಗ, ತಳಿಗಾರರು ಕಾಲಿನ ದೋಷವನ್ನೂ ರಕ್ತದಲ್ಲಿನ ಆಮ್ಲಜನಕವನ್ನೂ ಅಳೆದು ಸೂಚ್ಯಂಕಕ್ಕೆ ಸೇರಿಸಿದರು. ತೂಕಕ್ಕೂ ಕಾಲಿನ ದೋಷಕ್ಕೂ ಇರುವ ಸಂಬಂಧ ಪ್ರತಿಕೂಲವಾದರೂ ಬಿಡಿಸಲಾಗದಷ್ಟು ಬಿಗಿಯಾದದ್ದಲ್ಲ. ಎರಡನ್ನೂ ಒಟ್ಟಿಗೆ ಎಣಿಸಿದಾಗ ಎರಡರಲ್ಲಿಯೂ ಸುಧಾರಣೆ ಸಾಧ್ಯವಾಯಿತು. ತಾಯಿಯ ಹಸಿವು ಮಾತ್ರ ಇನ್ನೂ ತೀರಿಲ್ಲ. ನಿಧಾನವಾಗಿ ಬೆಳೆಯುವ ತಳಿಗಳಲ್ಲಿ ಅದರ ಉಗ್ರತೆ ಕಡಿಮೆ. ಯೂರೋಪಿನ ಕೆಲವು ದೇಶಗಳಲ್ಲಿ, ಮುಖ್ಯವಾಗಿ ನೆದರ್ಲೆಂಡಿನಲ್ಲಿ, ಕೊಳ್ಳುವವರ ಒತ್ತಾಯದಿಂದ ಅಂಥ ತಳಿಗಳು ಮಾರುಕಟ್ಟೆಗೆ ಮರಳಿವೆ. ಬೆಲೆ ತುಸು ಹೆಚ್ಚು; ಆ ಹೆಚ್ಚಳವನ್ನು ಕೊಳ್ಳುವವರು ಹೊರಬೇಕು.

ನಮ್ಮಲ್ಲಿಯೂ ಬೇರೊಂದು ಸಂಕಲ್ಪದಿಂದ ಹುಟ್ಟಿದ ಕೋಳಿಯುಂಟು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜವನ್ನು ಹಳ್ಳಿಯ ಹಿತ್ತಲಿಗೆಂದೇ ಬೆಳೆಸಿದರು. ಹಿತ್ತಲಿನಲ್ಲಿ ಕೆದಕಿ ತಿನ್ನಬೇಕು, ಬಣ್ಣದ ಗರಿಯಿರಬೇಕು, ಊರುಕೋಳಿಗಿಂತ ಹೆಚ್ಚು ತೂಗಬೇಕು, ಮೊಟ್ಟೆಯನ್ನೂ ಇಡಬೇಕು ಎಂಬುದು ಅದನ್ನು ಮಾಡಿದವರ ಅಪೇಕ್ಷೆ. ಬ್ರಾಯ್ಲರಿನ ವೇಗ ಅದಕ್ಕಿಲ್ಲ. ಇರಬೇಕೆಂದು ಯಾರೂ ಕೇಳಲೂ ಇಲ್ಲ. ಅಮೆರಿಕದ ಮೇಣದ ಪ್ರತಿಮೆಗೂ ನಮ್ಮ ಹಿತ್ತಲಿನ ಈ ಕೋಳಿಗೂ ಇರುವ ಅಂತರ, ಕೇಳಿದ್ದರಲ್ಲಿರುವ ಅಂತರ.

ಯಾವ ಗುಣಕ್ಕೆ ಎಷ್ಟು ತೂಕವೆಂಬುದನ್ನು ಇಂದು ನಿರ್ಧರಿಸುತ್ತಿರುವವರು ಜಗತ್ತಿನ ಬೆರಳೆಣಿಕೆಯ ತಳಿಸಂಸ್ಥೆಗಳು. ಅವರ ಮೂಲ ಹಿಂಡಿನ ಒಂದು ಹೇಂಟೆಯ ಗುಣ ನಾಲ್ಕೈದು ತಲೆಮಾರುಗಳಲ್ಲಿ ಲಕ್ಷಾಂತರ ಕೋಳಿಗಳ ಮೈ ಸೇರುತ್ತದೆ. ಅಷ್ಟು ದೂರ ಹೋಗುವ ಅಂಕಿಯನ್ನು ಗಣಿತಜ್ಞರಿಗೂ ವ್ಯಾಪಾರಿಗಳಿಗೂ ಬಿಟ್ಟು ಸುಮ್ಮನಿರುವುದು ಉಳಿದವರಿಗೆ ಸಲ್ಲದು. ಸಾಕುವ ರೈತನೂ ತಿನ್ನುವ ಗೃಹಸ್ಥನೂ, ನನ್ನಂತೆ ದೂರದಿಂದ ನೋಡುವ ಅಧ್ಯಾಪಕನೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಲೆಕ್ಕದಲ್ಲಿ ತಾಯಿಕೋಳಿಯ ಹಸಿವಿಗೆ ಎಷ್ಟು ತೂಕ ಕೊಟ್ಟಿದ್ದೀರಿ?